ಬೇರುಲೇಪ ಮತ್ತು ಬೀಗರ ಎಕ್ಕಡಗಳು

ಇಡ್ಲಿ ಪಾತ್ರೆಯಷ್ಟು ಗಾತ್ರದ, ಮೂರು ಕಾಲಿನ ಆ ಕೀಳುಯಂತ್ರಕ್ಕೆ ಇದ್ದ ಕೆಲಸ ಒಂದೇ: ಅಂಟಿಸಿದ್ದನ್ನು ಕೀಳುವುದು. ಮಳವಳ್ಳಿಯ ಹೊಂಬೆಳಕು ಕಲ್ಯಾಣ ಮಂಟಪದ ಮುಂದಿನ ಜಗಲಿಯಲ್ಲಿ ಹೊಸದಾಗಿ ಕೂರಿಸಿದ್ದ ಕಲ್ಲಿನ ಹಾಸನ್ನು ಕಚ್ಚಿಹಿಡಿದು ಅದು ಎಳೆಯಿತು, ಗುರುಗುಟ್ಟಿತು, ಮತ್ತೆ ಎಳೆಯಿತು. ಕೊನೆಗೆ ಟಪ್ ಎಂದು ಏನೋ ಮುರಿಯಿತು. ಮಂಟಪದ ಒಡತಿ ಚಿಕ್ಕತಾಯಮ್ಮ ಎದೆ ಹಿಡಿದುಕೊಂಡರು.

"ಅಯ್ಯಯ್ಯೋ, ಕಿತ್ತೋಯ್ತಲ್ಲವ್ವ!"

"ಸರಿಯಾಗಿ ನೋಡಿ ಅಮ್ಮ," ಎಂದರು ವಿಜ್ಞಾನಿ ಡಾ. ವಾಗ್ದೇವಿ, ಕುಣಿಯುವುದೊಂದೇ ಬಾಕಿ. "ಕಲ್ಲಿನ ಬೆನ್ನಿಗೆ ಅಂಟಿಕೊಂಡು ಕೆಳಗಿನ ಕಾಂಕ್ರೀಟೇ ಮುರಿದು ಬಂದಿದೆ. ಕಾಂಕ್ರೀಟು ಸೋತಿತು, ನನ್ನ ಲೇಪ ಸೋಲಲಿಲ್ಲ!"

"ಅಂದ್ರೆ ನನ್ ಜಗ್ಲಿ ಮುರ್ದಿದ್ದು ಒಳ್ಳೇದಾಯ್ತು ಅಂತ ಯೋಳ್ತಿದೀಯ?"

"ಹೌದಮ್ಮ, ಬಹಳ ಒಳ್ಳೆಯದಾಯಿತು!"

ಚಿಕ್ಕತಾಯಮ್ಮ ವಾಗ್ದೇವಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಓದಿದವರ ಸಹವಾಸ ಸಾಕಪ್ಪಾ ಎಂಬಂತಿತ್ತು ಆ ನೋಟ.

ಮೈಸೂರಿನಿಂದ ಮಳವಳ್ಳಿಗೆ ಬಸ್ಸುಗಳು ನೆಲ ಮುಟ್ಟದೆ ಓಡಾಡುತ್ತಿದ್ದ ಕಾಲವದು. ಆದರೆ ಹಳೆಯ ಕಾಂಕ್ರೀಟಿಗೆ ಹೊಸ ಕಾಂಕ್ರೀಟು ನೆಟ್ಟಗೆ ಅಂಟುತ್ತಿರಲಿಲ್ಲ. ಎರಡರ ನಡುವೆ ಒಂದಿಷ್ಟು ಧೂಳು, ಒಂದಿಷ್ಟು ಗಾಳಿ ಉಳಿದುಬಿಡುತ್ತಿತ್ತು. ಬಿಸಿಲಿಗೆ ಕಲ್ಲು ಒಂದು ಲೆಕ್ಕದಲ್ಲಿ ಹಿಗ್ಗಿದರೆ ಕಾಂಕ್ರೀಟು ಇನ್ನೊಂದು ಲೆಕ್ಕದಲ್ಲಿ ಹಿಗ್ಗುತ್ತಿತ್ತು. ಗೋಡೆಯ ಹಾಸು ಉದುರುವುದು, ಸೇತುವೆಯ ತೇಪೆ ಏಳುವುದು, ಬಚ್ಚಲಿನ ನೆಲ ಟೊಳ್ಳು ಸದ್ದು ಮಾಡುವುದು ಎಲ್ಲವೂ ಇದರಿಂದಲೇ. ಎರಡು ವಸ್ತುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿವೆ ಎಂಬುದನ್ನು ವಾಗ್ದೇವಿ ಹಿಡಿತಬಲ ಎಂದು ಕರೆಯುತ್ತಿದ್ದರು. ಅದನ್ನು ಹೆಚ್ಚಿಸಲು ಅವರು ಕಂಡುಹಿಡಿದದ್ದೇ ಬೇರುಲೇಪ. ಸುಣ್ಣದ ಅಂಶ ತಗುಲಿದೊಡನೆ ಅದರ ಕಣಗಳು ಕೂದಲಿಗಿಂತ ತೆಳ್ಳಗಿನ ಬೇರುಗಳನ್ನು ಬಿಟ್ಟು, ಕೆಳಗಿನ ಕಾಂಕ್ರೀಟಿನ ರಂಧ್ರಗಳಿಗೂ ಮೇಲಿನ ವಸ್ತುವಿನ ರಂಧ್ರಗಳಿಗೂ ಇಳಿಯುತ್ತಿದ್ದವು. ಮೇಲಿನದು ಕಲ್ಲಾಗಲಿ, ರಬ್ಬರಾಗಲಿ, ಮರವಾಗಲಿ, ಸ್ವಲ್ಪ ಹೊತ್ತು ಅಲುಗಾಡದೆ ಕೂತರೆ ಸಾಕು, ಹಿಡಿದೇಬಿಡುತ್ತಿತ್ತು. ಬೇಡವೆನಿಸಿದಾಗ ಬಿಡಿಸುಕೋಲು ಎಂಬ ಗೇಣುದ್ದದ ಸಾಧನದ ಗುಂಡಿ ಒತ್ತಬೇಕು. ಕಿವಿಗೆ ಕೇಳದ ಒಂದು ಕಂಪನ ಹೊರಟು ಬೇರುಗಳೆಲ್ಲ ಮುದುರಿಕೊಳ್ಳುತ್ತಿದ್ದವು.

"ಸೇತುವೆಗಳಿಗೆ, ಅಣೆಕಟ್ಟುಗಳಿಗೆ ಅಂತ ಮಾಡಿದ್ದು. ಮೊದಲ ಪರೀಕ್ಷೆ ನಿಮ್ಮ ಜಗಲಿಯಲ್ಲಿ," ಎಂದರು ವಾಗ್ದೇವಿ.

"ಪರೀಕ್ಷೆ ಆಯ್ತಲ್ಲ, ಮುರ್ದಿದ್ದನ್ನ ಸರಿಮಾಡಿ ವೋಗು. ಇದೇ ಜಗ್ಲಿ ಮೇಲೆ ಭಾನುವಾರ ನನ್ ಮಗಳು ಇಂಪನಳ ಮದ್ವೆ ದಿಬ್ಬಣ ಇಳೀತೈತೆ. ನೀನೂ ಬರ್ಬೇಕು, ಉಂಡು ವೋಗ್ಬೇಕು."

ವಾಗ್ದೇವಿ ಜಗಲಿ ಸರಿಮಾಡಿದರು. ಮಿಕ್ಕ ಲೇಪವನ್ನು ಒಂದು ಬಕೆಟ್ಟಿನಲ್ಲಿ ಅಲ್ಲೇ ಬಿಟ್ಟು ಹೋದರು. ತಪ್ಪಾದದ್ದು ಅಲ್ಲೇ. ಚಿಕ್ಕತಾಯಮ್ಮನವರ ಮನೆತನದಲ್ಲಿ ಮಿಕ್ಕದ್ದನ್ನು ಎಸೆದವರೇ ಇಲ್ಲ. ಅನ್ನ ಮಿಕ್ಕರೆ ಚಿತ್ರಾನ್ನ, ಸಾರು ಮಿಕ್ಕರೆ ಇನ್ನೊಂದು ಹೊತ್ತಿಗೆ. ಮದುವೆಯ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಅವರ ಕಣ್ಣಿಗೆ ಬಕೆಟ್ಟು ಬಿತ್ತು. ಹಾಲಿನಂತೆ ಹೊಳೆಯುತ್ತಿದ್ದ ಲೇಪವನ್ನು ನೀರಿಗೆ ಸುರಿದು, ಜಗಲಿಯ ಮುಂದಿನ ಕಾಂಕ್ರೀಟು ಅಂಗಳವನ್ನು ತಾವೇ ಕೈಯಾರೆ ತೊಳೆದರು. ಅಂಗಳ ಫಳಫಳ ಅಂದಿತು. ಅಂಚಿನಲ್ಲಿ ದೊಡ್ಡ ರಂಗೋಲಿ ಬಿಟ್ಟು ಬೀಗಿದರು.

ದಿಬ್ಬಣ ಬಂತು. ಎಲ್ಲರೂ ಪದ್ಧತಿಯಂತೆ ಆ ಅಂಗಳದಲ್ಲಿ ಚಪ್ಪಲಿ, ಬೂಟು, ಎಕ್ಕಡ ಬಿಟ್ಟು ಒಳಗೆ ಹೋದರು.

ಎಡವಟ್ಟಾದದ್ದು ತಿಂಡಿಯ ಹೊತ್ತಿನಲ್ಲಿ. ವರ ಯಶವಂತನಿಗೆ ತಂದೆಯಿಲ್ಲ, ಎತ್ತಿ ಸಾಕಿದವರು ಸೋದರಮಾವ ಮಾಯಿಗೌಡರು. ಮೀಸೆ ತಿರುವಿಕೊಂಡು ಪಂಕ್ತಿಯ ಮೊದಲಲ್ಲೇ ಕೂತಿದ್ದರು. ಕೇಸರಿಬಾತು ಬಡಿಸುವ ಯಂತ್ರ ಉರುಳಿಕೊಂಡು ಬಂದು, ಅವರ ಕೈಗಡಿಯಾರದ ಆರೋಗ್ಯದ ವಿವರ ಓದಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿತು: "ನಿಮಗೆ ಸಕ್ಕರೆ ಕಾಯಿಲೆ ಬಹಳ ಹೆಚ್ಚಾಗಿದೆ. ಸಿಹಿ ಇಲ್ಲ. ಮುಂದಿನವರು!"

ಮಾಯಿಗೌಡರು ಎಲೆ ಬಿಟ್ಟು ಎದ್ದರು.

"ಬೀಗ್ರನ್ನ ಕರ್ಸಿ ಮಾನ ಕಳೀತೀರಾ? ಏಳ್ರಪ್ಪಾ ಎಲ್ಲಾ! ಈ ಮನೆ ಹೆಣ್ಣು ನಮ್ಗೆ ಬ್ಯಾಡ!"

ಸಾಕಿದ ಮಾವ ಎದ್ದ ಮೇಲೆ ವರನೂ ಏಳಲೇಬೇಕಾಯಿತು. ಪಾಪ, ಪೇಟ ಸರಿಮಾಡಿಕೊಳ್ಳುತ್ತ, ಇಂಪನಳ ಕಡೆ ತಿರುತಿರುಗಿ ನೋಡುತ್ತ ಹಿಂದೆ ಹೋದ. ಚಿಕ್ಕತಾಯಮ್ಮ ಕೈಮುಗಿದುಕೊಂಡು ಅಳುತ್ತ ಓಡಿದರು. ಐನೋರು ಮುಹೂರ್ತ ಮೀರುತ್ತದೆಂದು ಒಳಗಿನಿಂದ ಕೂಗುತ್ತಲೇ ಇದ್ದರು.

ಅಂಗಳದಲ್ಲಿ ಒಂದು ಅದ್ಭುತವೇ ನಡೆಯಿತು. ಗಂಡಿನ ಕಡೆಯವರೆಲ್ಲ ರೋಷದಿಂದ ಚಪ್ಪಲಿಗೆ ಕಾಲು ತೂರಿಸಿದರು. ರೋಷದಿಂದ ಹೆಜ್ಜೆ ಎತ್ತಿದರು. ಕಾಲು ಬಂತು, ಚಪ್ಪಲಿ ಬರಲಿಲ್ಲ! ಒಬ್ಬಾಕೆ ಬಗ್ಗಿ ಎಳೆದರೆ ಚಪ್ಪಲಿಯ ಉಂಗುಷ್ಟವಷ್ಟೇ ಕಿತ್ತು ಕೈಗೆ ಬಂತು. ಇಬ್ಬರು ಸೇರಿ ಒಂದು ಬೂಟು ಎಳೆದು ಹಿಂದಕ್ಕೆ ಬಿದ್ದು ರಂಗೋಲಿಯ ಮೇಲೆ ಕೂತರು. ಮಾಯಿಗೌಡರು ತಮ್ಮ ಎಕ್ಕಡ ಮೆಟ್ಟಿ, ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು ನಿಂತರು. ಅದೂ ಮಿಸುಕಲಿಲ್ಲ.

"ಬರಿಗಾಲಲ್ಲೇ ಹೊಂಟೋಗಾನ ಬನ್ನಿ!" ಎಂದ ಯಾರೋ ಒಬ್ಬ.

"ಮುಚ್ಕೊಂಡ್ ನಿಂತ್ಕೊ," ಎಂದು ಮಾಯಿಗೌಡರು ಗದರಿದರು. "ಮುನಿಸ್ಕೊಂಡು ವೋಗೋರು ಬರಿಗಾಲಲ್ಲಿ ವೋದ್ರೆ, ಓಡಿಸ್ಬುಟ್ರು ಅಂತಾರೆ ಜನ."

ಮದುವೆಗೆ ಬಂದಿದ್ದ ವಾಗ್ದೇವಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಕೈಚೀಲದಿಂದ ಬಿಡಿಸುಕೋಲು ತೆಗೆದು ಓಡಿದರು. ಬಾಗಿಲಲ್ಲಿ ಮದುಮಗಳು ಇಂಪನ ಅವರ ಮಣಿಕಟ್ಟು ಹಿಡಿದಳು.

"ಮೇಡಂ, ದಮ್ಮಯ್ಯ ಅಂತೀನಿ. ಒತ್ಬೇಡಿ. ಒತ್ತುದ್ರೆ ಹೊಂಟೋಗ್ತಾರೆ. ನಂಗೆ ಯಶವಂತ ಬೇಕು."

ಏನು ಮಾಡುವುದು? ಬೇರುಲೇಪವನ್ನು ಯಾವಾಗ ಬೇಕಾದರೂ ಬಿಡಿಸಬಹುದು ಎಂದು ದೇಶದ ದೊಡ್ಡ ದೊಡ್ಡ ಎಂಜಿನಿಯರುಗಳ ಮುಂದೆ ಎದೆತಟ್ಟಿ ಹೇಳಿದ ಹೆಂಗಸು ಅವರು. ಒಂದು ಗಳಿಗೆ ಯೋಚಿಸಿದರು. ಆಮೇಲೆ ಅಂಗಳಕ್ಕಿಳಿದು ಕೋಲನ್ನು ಎತ್ತಿ ಹಿಡಿದು, ಗುಂಡಿಯ ಪಕ್ಕದ ಜಾಗವನ್ನು ಬಲವಾಗಿ ಒತ್ತಿದರು.

"ಛೇ, ಕೆಟ್ಟುಹೋಗಿದೆ. ಸ್ವಲ್ಪ ಹೊತ್ತು ಕಾಯಬೇಕು."

"ಅಂಟ್ಸಕ್ ಬತ್ತದೆ, ಬುಡ್ಸಕ್ ಬರಾಕಿಲ್ವಾ? ಯಾವ್ ಸೀಮೆ ವಿಜ್ಞಾನಿನವ್ವ ನೀನು!" ಎಂದು ಒಬ್ಬ ಅಜ್ಜಿ ಅಂದೇಬಿಟ್ಟರು. ವಾಗ್ದೇವಿಗೆ ಕಿವಿ ಬಿಸಿಯಾಯಿತು. ಆದರೂ ಕೋಲನ್ನು ಗಂಭೀರವಾಗಿ ಅಲ್ಲಾಡಿಸುತ್ತ ನಿಂತರು.

ಮುನಿಸಿಕೊಂಡವರಿಗೆ ಕಾಯುವುದಕ್ಕಿಂತ ಕಷ್ಟ ಇನ್ನೊಂದಿಲ್ಲ. ಬೈಗುಳವೆಲ್ಲ ಮುಗಿದುಹೋಯಿತು. ಆಗ ಚಿಕ್ಕತಾಯಮ್ಮ ಕಣ್ಣೊರೆಸಿಕೊಂಡು ಮಾಯಿಗೌಡರ ಹತ್ತಿರ ಬಂದರು.

"ಅಣ್ಣ, ಆ ಹಾಳು ಯಂತ್ರ ನಂಗೂ ಸ್ವೀಟ್ ಕೊಟ್ಟಿಲ್ಲ ಕಣಣ್ಣ. ನಂಗೂ ಸಕ್ಕರೆ ಕಾಯ್ಲೆ ಐತೆ."

ಮಾಯಿಗೌಡರ ಮೀಸೆ ಸಡಿಲವಾಯಿತು. "ಹುಡುಗನ್ ಮದ್ವೆ ಮುಗಿಯೋಗಂಟ ಯಾರ್ಗೂ ಗೊತ್ತಾಗ್ಬಾರ್ದು ಅಂತಿದ್ದೆ ಕಣಮ್ಮ. ಮಾವ ಇನ್ನೇನು ಸಾಯ್ತಾನೆ ಅಂತ ಅವ್ನು ಹೆದ್ರುಕೊಂಡ್ರೆ? ಅಪ್ಪ ಇಲ್ದಿರೋ ಮಗ," ಎಂದು ಅವರು ಯಶವಂತನ ಕಡೆ ನೋಡಿದರು.

"ನಂಗೂ ಐತೆ," ಎಂದಿತು ಹಿಂದಿನಿಂದ ಒಂದು ದನಿ. "ನಂಗೂ!" "ನಮ್ಮಿಬ್ರುಗೂ!" ಬೈದ ಅಜ್ಜಿಯೂ ಕೈ ಎತ್ತಿದರು. ನೋಡುನೋಡುತ್ತ ಅರ್ಧ ದಿಬ್ಬಣವೇ ಕೈ ಎತ್ತಿತು! ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಶವಂತ ಮಾವನನ್ನು ಬಿಗಿಯಾಗಿ ತಬ್ಬಿಕೊಂಡ. ಐನೋರು ಹೊರಗೆ ಬಂದು, "ನಗೋದು ಆಮೇಲೆ, ಮೊದಲು ತಾಳಿ ಕಟ್ರಪ್ಪಾ!" ಎಂದು ರೇಗಿದರು.

ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು. ಆಗ ವಾಗ್ದೇವಿ ನಿಜವಾದ ಗುಂಡಿಯನ್ನು ಒತ್ತಿದರು.

ಊಟದ ಹೊತ್ತಿಗೆ ಅವರ ಸುತ್ತ ಜನ ಮುತ್ತಿದರು. ಮಂಡ್ಯ, ಮದ್ದೂರು, ಕೊಳ್ಳೇಗಾಲದ ಮಂಟಪಗಳವರು ತಮ್ಮ ಅಂಗಳಗಳಿಗೂ ಅದೇ ನೀರು ಬೇಕೆಂದು ಪಟ್ಟು ಹಿಡಿದರು. ಇದು ಸೇತುವೆಗೆ ಮಾಡಿದ್ದು ಎಂದು ವಾಗ್ದೇವಿ ಎಷ್ಟು ಹೇಳಿದರೂ ಕೇಳುವವರಿಲ್ಲ. ಅವರು ತಪ್ಪಿಸಿಕೊಂಡು ಜಗಲಿಗೆ ಬಂದರೆ, ಅಲ್ಲಿ ಮಾಯಿಗೌಡರು ಎಕ್ಕಡ ಕೈಯಲ್ಲಿ ಹಿಡಿದು ಒರೆಸುತ್ತಿದ್ದರು. ಎಕ್ಕಡ ಎಣ್ಣೆಯಿಂದ ಮಿರಿಮಿರಿ ಮಿಂಚುತ್ತಿತ್ತು.

"ಹೊಸದು ಕಣವ್ವ. ಕಾಲು ಕಚ್ಚದೆ ಇರ್ಲಿ ಅಂತ ಹರಳೆಣ್ಣೇಲಿ ನೆನೆಹಾಕಿದ್ದೆ."

ವಾಗ್ದೇವಿ ಬೆಚ್ಚಿಬಿದ್ದರು. "ಎಣ್ಣೆ ಕುಡಿದ ಚರ್ಮಕ್ಕೆ ನನ್ನ ಬೇರು ಇಳಿಯೋದೇ ಇಲ್ಲವಲ್ಲ ಗೌಡರೇ! ಹಾಗಾದರೆ ನಿಮ್ಮದು..."

"ಅಂಟೇ ಇರ್ಲಿಲ್ಲ," ಎಂದರು ಮಾಯಿಗೌಡರು, ಅತ್ತ ಇತ್ತ ನೋಡಿ ದನಿ ತಗ್ಗಿಸಿ. "ಬಾಗ್ಲು ದಾಟೋ ವೊತ್ಗೆ ಕೋಪ ಇಳ್ದೋಗಿತ್ತು. ವಾಪಸ್ ವೋಗಕ್ಕೆ ಮಕ ಇರ್ಲಿಲ್ಲ. ಎಲ್ರುದೂ ಅಂಟ್ಕೊಂಡಿತ್ತಲ್ಲ, ನಾನೂ ಗಟ್ಟಿಯಾಗಿ ಒತ್ಕೊಂಡ್ ನಿಂತ್ಬುಟ್ಟೆ."