ಕೆಂಪಾಗದ ಸಾಲು

ಪರದೆಯ ಮೇಲೆ ನಲವತ್ತು ಸಾಲು. ನಲವತ್ತೂ ಹಸಿರು.

ದೊಡ್ಡವಳು ಮತ್ತೊಮ್ಮೆ ಎಣಿಸಿದಳು. ಬೇರೆ ದಿನವಾಗಿದ್ದರೆ ಹಸಿರು ಕಂಡು ಹಿಗ್ಗುತ್ತಿದ್ದಳು. ಇವತ್ತು ಕೊನೆಯ ಪರೀಕ್ಷೆ. ಆಸ್ಪತ್ರೆಗಳಿಗೆಂದು ಕಂಪನಿ ಮಾಡಿದ ತಂತ್ರಾಂಶದೊಳಗೆ ಟೆಸ್ಟ್ ಬರೆಯುವುದನ್ನು ಕಲಿಸುವ ಮೇಷ್ಟ್ರು ಬೆಳಿಗ್ಗೆ ಬೇಕೆಂದೇ ಒಂದು ತಪ್ಪನ್ನು ಬಚ್ಚಿಟ್ಟಿದ್ದರು. ಕಲಿಯುತ್ತಿದ್ದ ಮೂವರೂ ತಾವು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಟೆಸ್ಟುಗಳನ್ನು ಅದರ ಮೇಲೆ ಓಡಿಸಬೇಕು. ತಪ್ಪನ್ನು ಹಿಡಿದ ಟೆಸ್ಟಿನ ಸಾಲು ಕೆಂಪಾಗುತ್ತದೆ. ಕೆಂಪು ಕಂಡವರು ಪಾಸು.

"ಕಲಸಿಟ್ಟ ಔಷಧಿ ಎರಡು ಗಂಟೆ ಮಾತ್ರ ಒಳ್ಳೇದು. ಆಮೇಲೆ 'ಕೊಡಬೇಡಿ' ಅಂತ ನರ್ಸಿಗೆ ಹೇಳಬೇಕು. ನಾನು ಅದನ್ನ ಮೂರು ಗಂಟೆ ಮಾಡಿಟ್ಟಿದ್ದೆ," ಎಂದರು ಮೇಷ್ಟ್ರು. "ಅವರಿಬ್ಬರದೂ ಹಿಡೀತು. ನಿಮ್ಮದು ಹಿಡೀಲಿಲ್ಲಮ್ಮ."

"ಸಾಧ್ಯವೇ ಇಲ್ಲ ಸಾರ್. ಎಲ್ಲಕ್ಕಿಂತ ಮೊದಲು ಬರೆದಿದ್ದೇ ಆ ಟೆಸ್ಟು."

ಹನ್ನೊಂದು ವರ್ಷ ಅವಳು ಕೈಯಲ್ಲೇ ಟೆಸ್ಟ್ ಮಾಡಿದವಳು. ಒಂದೊಂದೇ ಗುಂಡಿ ಒತ್ತಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿ, ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದವಳು. ಇನ್ನು ಮುಂದೆ ಎಲ್ಲವೂ ತಾನೇ ಓಡುವ ಸ್ಕ್ರಿಪ್ಟಿನಲ್ಲೇ ಎಂದು ಕಂಪನಿ ತೀರ್ಮಾನಿಸಿತ್ತು. ಹೊಸ ತಂಡದಲ್ಲಿದ್ದದ್ದು ಒಂದೇ ಕುರ್ಚಿ. ಅದು ಸಿಗದವರು ಸೋಮವಾರದಿಂದ ಕೆಳಗಿನ ಮಹಡಿಯಲ್ಲಿ ಫೋನ್ ಹಿಡಿದು ಗಿರಾಕಿಗಳ ಬೈಗುಳ ಕೇಳಬೇಕು.

ಉಳಿದಿಬ್ಬರಲ್ಲಿ ಒಬ್ಬ ಪೆನ್ಸಿಲ್. ಸದಾ ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಬಾಯಿಲ್ಲದ ಮನುಷ್ಯ. ಇನ್ನೊಬ್ಬಳು ಚಿಕ್ಕವಳು. ದೊಡ್ಡವಳ ಸ್ವಂತ ಓರಗಿತ್ತಿ, ಮೈದುನನ ಹೆಂಡತಿ. ದೊಡ್ಡವಳು, ಚಿಕ್ಕವಳು ಎಂದು ಅತ್ತೆ ಮನೆಯಲ್ಲಿ ಕರೆದದ್ದು ಹೇಗೋ ಆಫೀಸಿಗೂ ಬಂದು ಕೂತಿತ್ತು.

ದೊಡ್ಡವಳು ಕಡತ ತೆರೆದಳು. ಅವಳು ಬರೆದಿದ್ದು ಸರಳ. ಔಷಧಿ ಕಲಸಿ ನೂರ ಇಪ್ಪತ್ತೊಂದು ನಿಮಿಷ ಆಗಿದ್ದರೆ ಉತ್ತರ 'ಕೊಡಬೇಡಿ' ಎಂದೇ ಇರಬೇಕು. ಈಗ ಅಲ್ಲಿ 'ಕೊಡಬೇಡಿ' ಇರಲಿಲ್ಲ. ಸರಿಯುತ್ತರ ಏನೆಂದು ತಂತ್ರಾಂಶವನ್ನೇ ಕೇಳಿ, ಆ ಉತ್ತರವನ್ನು ಅದರ ಉತ್ತರಕ್ಕೇ ಹೋಲಿಸುವ ಸಾಲಿತ್ತು. ಕಳ್ಳನನ್ನೇ ಕರೆದು ಸಾಕ್ಷಿ ಕೇಳಿದ ಹಾಗೆ. ಇಂಥ ಟೆಸ್ಟ್ ಎಂದೆಂದೂ ಕೆಂಪಾಗುವುದಿಲ್ಲ.

"ಹೊಸಬರು ಮಾಡೋ ತಪ್ಪು ಇದು," ಎಂದರು ಮೇಷ್ಟ್ರು.

"ನಾನು ಮಾಡಿಲ್ಲ. ಯಾರೋ ಬದಲಾಯಿಸಿದ್ದಾರೆ."

ಮೇಷ್ಟ್ರು ಕಡತದ ಚರಿತ್ರೆ ತೆಗೆದರು. ಯಾವ ಸಾಲು ಯಾವಾಗ ಬದಲಾಯಿತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಅವರ ಬೆರಳು ಒಂದು ಕಡೆ ನಿಂತಿತು. "ನಿನ್ನೆ ಮಧ್ಯಾಹ್ನ ಒಂದು ಹತ್ತು. ನಿಮ್ಮ ಕಂಪ್ಯೂಟರಿಂದಲೇ."

ದೊಡ್ಡವಳ ಕಣ್ಣು ನೆಟ್ಟಗೆ ಹೋಗಿದ್ದು ಚಿಕ್ಕವಳ ಕಡೆಗೆ.

ಮುಚ್ಚಿಡುವುದೇನು, ಅವಳಿಗೆ ಹೊಟ್ಟೆಕಿಚ್ಚಿತ್ತು. ಚಿಕ್ಕವಳು ಮನೆಗೆ ಬಂದು ಮೂರು ವರ್ಷ. ಅಂದಿನಿಂದ ಅತ್ತೆಯ ಬಾಯಲ್ಲಿ ಚಿಕ್ಕವಳದೇ ಗುಣಗಾನ. ಕೀಲಿಮಣೆ ನೋಡದೆ ಟೈಪ್ ಮಾಡುವವಳು. ಮೇಷ್ಟ್ರು ಅರ್ಧ ಹೇಳುವಷ್ಟರಲ್ಲಿ ಪೂರ್ತಿ ಬರೆದು ಮುಗಿಸುವವಳು. ಆ ಬೆರಳುಗಳ ಟಕಟಕ ಕೇಳಿದರೆ ದೊಡ್ಡವಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಇವಳೇ ಕಳ್ಳಿಯಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಆದರೆ ಒಂದು ಹತ್ತಕ್ಕೆ ಚಿಕ್ಕವಳು ಎಲ್ಲಿದ್ದಳು? ಕ್ಯಾಂಟೀನಿನಲ್ಲಿ, ದೊಡ್ಡವಳ ಎದುರಿಗೇ, ಡಬ್ಬಿ ಬಿಚ್ಚಿಕೊಂಡು. ಒಂದರಿಂದ ಒಂದೂ ಮುಕ್ಕಾಲಿನವರೆಗೆ ಎದ್ದೇ ಇರಲಿಲ್ಲ. ಅದಕ್ಕೆ ಸಾಕ್ಷಿ ಬೇರೆ ಯಾರೂ ಅಲ್ಲ, ದೊಡ್ಡವಳೇ.

ಊಟಕ್ಕೆ ಹೊರಗೆ ಬಾರದೆ ಕೋಣೆಯಲ್ಲೇ ಉಳಿಯುವವನು ಒಬ್ಬನೇ. ಎಲ್ಲರೂ ಅವನ ಕಡೆ ತಿರುಗಿದರು.

"ನಾನು ಆ ಸೀಟಿನ ಹತ್ರಾನೂ ಹೋಗಿಲ್ಲ ಸಾರ್," ಎಂದ ಪೆನ್ಸಿಲ್.

"ಪಾಪ, ಕುರ್ಚಿ ಒಂದೇ ಅಲ್ವಾ," ಎಂದಳು ಚಿಕ್ಕವಳು ಮೆತ್ತಗೆ.

ಮೇಷ್ಟ್ರು ಗಡಿಯಾರ ನೋಡಿದರು. "ಮೂರು ಗಂಟೆಗೆ ಕುರ್ಚಿಗೆ ಯಾರು ಅಂತ ಮೇಲಿನವರಿಗೆ ಹೆಸರು ಕೊಡಬೇಕು. ಕಿತಾಪತಿ ಮಾಡಿದವರು ಕಂಪನಿಯಲ್ಲೇ ಇರಲ್ಲ. ಇವರ ಹಳೇ ಸಾಲನ್ನ ಮತ್ತೆ ಹಾಕಿ ಓಡಿಸ್ತೀನಿ."

* * *

ಪೆನ್ಸಿಲ್ ತನ್ನ ಡ್ರಾಯರ್ ಖಾಲಿ ಮಾಡುತ್ತಿದ್ದ.

"ನೀನು ಮಾಡಿಲ್ಲ ಅಂದ್ಮೇಲೆ ಯಾಕೆ ಗಂಟುಮೂಟೆ ಕಟ್ತಿದ್ದೀಯಪ್ಪ?" ಎಂದು ಕೇಳಿದಳು ದೊಡ್ಡವಳು.

"ನನ್ನ ಮಾತು ಯಾರು ನಂಬ್ತಾರೆ ಮೇಡಂ? ನಿನ್ನೆ ನಾನು ಸೀಟು ಬಿಟ್ಟಿದ್ದೇ ಒಂದ್ಸಲ. ಹನ್ನೊಂದಕ್ಕೆ ಮೇಷ್ಟ್ರ ರೂಮಿಗೆ ಹೋದೆ, ಹನ್ನೊಂದೂವರೆಗೆ ಬಂದೆ. ಮಿಕ್ಕಿದ ಹೊತ್ತೆಲ್ಲ ಇಲ್ಲೇ. ಊಟದ ಹೊತ್ತಲ್ಲಿ ಒಬ್ಬನೇ. ನನ್ನ ಹಣೆಬರಹ."

ದೊಡ್ಡವಳು ತನ್ನ ಜಾಗಕ್ಕೆ ಬಂದು ಕೂತಳು. ನಿನ್ನೆಯ ಊಟವನ್ನು ಮತ್ತೆ ಮತ್ತೆ ನೆನಪಿಸಿಕೊಂಡಳು. ಚಿಕ್ಕವಳು ಕೈ ತೊಳೆಯಲು ಎದ್ದಿದ್ದಳೇ? ಜೊತೆಗೇ ಎದ್ದದ್ದು. ಫೋನ್ ಬಂತೆಂದು ಹೊರಗೆ ಹೋಗಿದ್ದಳೇ? ಇಲ್ಲ. ಎಷ್ಟು ತಡಕಿದರೂ ಒಂದು ಸಣ್ಣ ಸಂದು ಸಿಗಲಿಲ್ಲ.

ಹೊಸ ವಿದ್ಯೆ ಕೈಕೊಟ್ಟಾಗ ಮನುಷ್ಯ ಹಳೆಯದಕ್ಕೆ ಮರಳುತ್ತಾನೆ. ಅವಳು ನೋಟ್‌ಬುಕ್ ತೆಗೆದು, ಚರಿತ್ರೆಯ ಒಂದೊಂದೇ ಸಾಲನ್ನು ಅದರಲ್ಲಿ ಬರೆದುಕೊಂಡಳು. ಎಲ್ಲರೂ ನೋಡಿದ್ದು ಒಂದು ಹತ್ತರ ಸಾಲನ್ನು ಮಾತ್ರ. ಅವಳು ನಿನ್ನೆಯದಷ್ಟನ್ನೂ ಮೇಲಿಂದ ಕೆಳಕ್ಕೆ ಬರೆದಳು. ಒಂಬತ್ತು ನಲವತ್ತು. ಹನ್ನೆರಡು ಐದು. ಒಂದು ಹತ್ತು. ಎರಡೂವರೆ. ಒಂದು ಐವತ್ತೈದು.

ಪೆನ್ನು ನಿಂತಿತು.

ಎರಡೂವರೆಯ ಕೆಳಗೆ ಒಂದು ಐವತ್ತೈದು? ಮೊದಲು ಆದದ್ದು ಮೇಲೆ, ಆಮೇಲಿನದು ಕೆಳಗೆ. ಹಾಗಿದ್ದರೆ ಹೊತ್ತು ಹಿಂದಕ್ಕೆ ನಡೆದಿದೆ.

ಹಿಂದಕ್ಕೆ ನಡೆಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಅವಳೇ.

ನಿನ್ನೆ ಬೆಳಿಗ್ಗೆ ಅವಳಿಗೆ ಹಸಿರು ಸಾಲು ಕಂಡು ಸಮಾಧಾನವಾಗಿರಲಿಲ್ಲ. ಎರಡು ಗಂಟೆ ಕಳೆದ ಮೇಲೆ 'ಕೊಡಬೇಡಿ' ಎಂದು ಪರದೆಯ ಮೇಲೆ ಮೂಡುವುದನ್ನು ಕಣ್ಣಾರೆ ನೋಡಬೇಕಿತ್ತು. ಅಲ್ಲಿಯವರೆಗೆ ಕಾಯುವವರು ಯಾರು? ಕದ್ದುಮುಚ್ಚಿ ಕಂಪ್ಯೂಟರಿನ ಗಡಿಯಾರವನ್ನೇ ಎರಡು ಗಂಟೆ ಮುಂದಕ್ಕೆ ತಳ್ಳಿದಳು. ನೋಡಿದಳು, ತೃಪ್ತಿಯಾಯಿತು. ಗಡಿಯಾರ ಹಾಗೇ ಇದ್ದದ್ದು ನೆನಪಾಗಿದ್ದು ಊಟಕ್ಕೆ ಏಳುವಾಗ. ಅವಸರದಲ್ಲಿ ಹಿಂದಕ್ಕೆ ತಂದಿಟ್ಟಳು.

ಮೊದಲ ದಿನವೇ ಮೇಷ್ಟ್ರು ಹೇಳಿದ್ದರು. "ಹೊತ್ತು ಬದಲಾಯಿಸೋದಿದ್ದರೆ ಸ್ಕ್ರಿಪ್ಟಿನೊಳಗೆ ಬದಲಾಯಿಸಿ. ಯಂತ್ರದ ಗಡಿಯಾರ ಮುಟ್ಟಿದವರನ್ನ ಆವತ್ತೇ ಆಚೆ ಹಾಕ್ತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಪೆನ್ಸಿಲ್ ಹೋಗುತ್ತಾನೆ, ಅವಳ ಹಳೆಯ ಸಾಲು ಓಡುತ್ತದೆ, ಕುರ್ಚಿ ಕೈಗೆ ಬಂದರೂ ಬಂತು. ಬಾಯಿ ಬಿಟ್ಟರೆ ಸೋಮವಾರದಿಂದ ಫೋನು. ಪೆನ್ಸಿಲ್ ಡ್ರಾಯರಿನ ಮೂಲೆಯಿಂದ ಸವೆದ ರಬ್ಬರೊಂದನ್ನು ಹುಡುಕಿ ಜೇಬಿಗೆ ಹಾಕಿಕೊಂಡ. ಆಚೆ ಸೀಟಿನಲ್ಲಿ ಚಿಕ್ಕವಳ ಬೆರಳುಗಳ ಟಕಟಕ. ದೊಡ್ಡವಳು ಎದ್ದಳು. ಎಬ್ಬಿಸಿದ್ದು ರಬ್ಬರೋ ಟಕಟಕವೋ, ಆಣೆ ಮಾಡಿ ಹೇಳೆಂದರೆ ಅವಳೂ ಹೇಳಲಾರಳು.

* * *

"ಸಾರ್, ಈ ಚರಿತ್ರೆ ಹೊತ್ತನ್ನ ಎಲ್ಲಿಂದ ತಗೊಳುತ್ತೆ?" ಮೂರಕ್ಕೆ ಐದು ನಿಮಿಷವಿರುವಾಗ ದೊಡ್ಡವಳು ಕೇಳಿದಳು. ಮೇಷ್ಟ್ರ ಮೇಜಿನ ಸುತ್ತ ಮೂವರೂ ನಿಂತಿದ್ದರು.

"ಅವರವರ ಕಂಪ್ಯೂಟರಿನ ಗಡಿಯಾರದಿಂದ."

"ನನ್ನದು ನಿನ್ನೆ ಊಟದವರೆಗೂ ಎರಡು ಗಂಟೆ ಮುಂದಿತ್ತು. ನಾನೇ ತಿರುಗಿಸಿದ್ದೆ. ಇಗೋ ನೋಡಿ, ಎರಡೂವರೆ ಆದ್ಮೇಲೆ ಒಂದು ಐವತ್ತೈದು ಬಂದಿದೆ."

ಮೇಷ್ಟ್ರು ನೋಡಿದರು. ಹುಬ್ಬು ಗಂಟಿಕ್ಕಿತು. "ನೀವು ಏನು ಒಪ್ಕೊಳ್ತಿದ್ದೀರಿ ಅಂತ ಗೊತ್ತಾ?"

"ಗೊತ್ತು ಸಾರ್. ಮುಗಿಸಿಬಿಡ್ತೀನಿ. ಒಂದು ಹತ್ತು ಅಂದ್ರೆ ನಿಜವಾಗಿ ಹನ್ನೊಂದು ಹತ್ತು. ಆಗ ನಾನು ಕೆಳಗಿದ್ದೆ. ಗಿರಾಕಿ ಒಬ್ಬರು ಕೂಗಾಡ್ತಿದ್ದಾರೆ ಅಂತ ಫೋನಿನವರು ಕರೆಸಿದ್ರು. ಕಂಪ್ಯೂಟರ್ ತೆರೆದಿಟ್ಟೇ ಹೋಗಿದ್ದೆ. ಪೆನ್ಸಿಲ್ ಎಲ್ಲಿದ್ದ?"

"ನನ್ನ ರೂಮಲ್ಲಿ. ಹನ್ನೊಂದೂವರೆವರೆಗೆ," ಎಂದರು ಮೇಷ್ಟ್ರು ನಿಧಾನವಾಗಿ.

"ಹಾಗಾದ್ರೆ ಇಲ್ಲಿ ಉಳಿದಿದ್ದು ಒಬ್ಬಳೇ."

ಚಿಕ್ಕವಳು ಕುರ್ಚಿ ಎಳೆದುಕೊಂಡು ಕುಸಿದು ಕೂತಳು.

"ಹನ್ನೊಂದು ಹತ್ತು ಅಂತ ಬರುತ್ತೆ, ಸಿಕ್ಕಿಬೀಳ್ತೀನಿ ಅಂತ ಬೆಳಿಗ್ಗೆಯಿಂದ ನಡುಗ್ತಿದ್ದೆ. ಒಂದು ಹತ್ತು ಅಂದಾಗ ಬದುಕಿದೆ ಅನ್ನಿಸ್ತು."

"ಯಾಕಮ್ಮ? ನಿನ್ನದು ಹೇಗಿದ್ರೂ ಹಿಡೀತಿತ್ತಲ್ಲ," ಎಂದರು ಮೇಷ್ಟ್ರು.

ಚಿಕ್ಕವಳು ಅವರನ್ನು ನೋಡಲಿಲ್ಲ. ದೊಡ್ಡವಳನ್ನೇ ನೋಡಿದಳು. "ಅಕ್ಕ, ನೀವು ಸುಮ್ನೆ ಪರದೆ ನೋಡ್ತೀರ, ಇಲ್ಲಿ ತಪ್ಪಿದೆ ಅಂತ ಬೆರಳಿಡ್ತೀರ. ನಾನು ನಾನೂರು ಟೆಸ್ಟ್ ಬರೆದ್ರೂ ನಂಗೆ ಆ ಕಣ್ಣು ಬರಲ್ಲ. ಮನೇಲೂ ಅಷ್ಟೆ. ಅತ್ತೆಗೆ ಹೊಗಳೋಕೆ ನಾನು, ಬೀರುವಿನ ಬೀಗದ ಕೈ ಕೊಡೋಕೆ ನೀವು. ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ."

ಮೇಷ್ಟ್ರು ದೊಡ್ಡವಳ ಹಳೆಯ ಸಾಲನ್ನು ಮತ್ತೆ ಹಾಕಿ ಓಡಿಸಿದರು. ಮೂವತ್ತೊಂಬತ್ತು ಹಸಿರು, ಒಂದು ಕೆಂಪು.

"ಹಿಡೀತು," ಎಂದರು. ಅವರ ದನಿಯಲ್ಲಿ ನೋವಿತ್ತು. "ಆದರೆ ಗಡಿಯಾರ ಮುಟ್ಟಿದ್ದೀರಿ. ಮಾತು ಮಾತೇ. ನೀವು ಸೋಮವಾರದಿಂದ ಫೋನಿಗೆ. ನಿಮ್ಮ ಓರಗಿತ್ತಿ ಮನೆಗೆ."

ಕುರ್ಚಿ ಪೆನ್ಸಿಲ್ ಪಾಲಾಯಿತು. ಅವನು ರಬ್ಬರನ್ನು ಜೇಬಿನಿಂದ ತೆಗೆದು ಮತ್ತೆ ಡ್ರಾಯರಿಗೆ ಹಾಕಿದ.

* * *

ಬಸ್ ಸ್ಟಾಪಿನಲ್ಲಿ ಇಬ್ಬರೇ. ಒಂದೇ ಮನೆಗೆ ಒಂದೇ ಬಸ್ಸು.

ದೊಡ್ಡವಳು ಅಳುತ್ತಾಳೆಂದು ಚಿಕ್ಕವಳು ಅಂದುಕೊಂಡಿದ್ದಳು. ದೊಡ್ಡವಳು ನೆಟ್ಟಗೆ ಕೂತಿದ್ದಳು. ಮುಖದಲ್ಲಿ, ಹೇಳಬಾರದು, ಒಂಥರಾ ಕಳೆಯಿತ್ತು.

"ನನ್ನ ಕಂಡ್ರೆ ಹೊಟ್ಟೆಯುರಿ ಎಷ್ಟು ದಿನದಿಂದ?" ಎಂದಳು.

"ಬಂದ ದಿನದಿಂದ ಅಕ್ಕ."

"ಆವಾಗ ಅಲ್ಲಿ ನನ್ನ ಕಣ್ಣಿನ ಬಗ್ಗೆ ಏನಂದೆ?"

"ಕೇಳಿಸ್ಕೊಂಡ್ರಲ್ಲ."

"ಯಾವ ಟೆಸ್ಟನ್ನೂ ಒಂದು ಸಲಕ್ಕೆ ನಂಬಬಾರದು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದಾರೆ," ಎಂದಳು ದೊಡ್ಡವಳು. "ಇನ್ನೊಂದ್ಸಲ ಹೇಳು."