ಗೋಡೆಯ ಮೇಲೆ ಮಗ್ಗಿ

ಸಭೆಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ. ಆದರೂ ಗೋಡೆಯ ಮೇಲೆ ಮಾತುಗಳು ಮೂಡುತ್ತಿದ್ದವು. ‘ಹೊಸ ಭಾಗ ಟೆಸ್ಟ್ ಮಾಡದನ ಬಿಟ್ಟೇವಿ.’ ‘ಇಬ್ಬರ ಕೆಲಸ ನನ್ನೊಬ್ಬಾಕಿ ತಲಿಗೆ ಕಟ್ಯಾರ.’

ಹುಬ್ಬಳ್ಳಿಯ ಆ ತಂಡ ಆಂಬುಲೆನ್ಸುಗಳಿಗೆ ದಾರಿ ತೋರಿಸುವ ತಂತ್ರಾಂಶ ಬರೆಯುತ್ತಿತ್ತು. ಎರಡು ವಾರಕ್ಕೊಮ್ಮೆ ಐವರೂ ಕೂತು, ಯಾವುದು ಸರಿಹೋಯಿತು, ಎಲ್ಲಿ ಎಡವಿದೆವು ಎಂದು ಹಿನ್ನೋಟ ನಡೆಸುವುದು ರೂಢಿ. ಅಂಥ ಸಭೆಗಳಲ್ಲಿ ಜನ ಮುಖ್ಯವಾದದ್ದನ್ನೇ ನುಂಗಿಕೊಳ್ಳುತ್ತಾರೆಂದು ಕಂಡುಕೊಂಡ ಸಂಶೋಧಕಿ ಡಾ. ಶಾಲ್ಮಲಾ ಹೊಸಮನಿ ‘ಮೌನವಾಣಿ’ಯನ್ನು ರೂಪಿಸಿದ್ದರು. ಮನಸ್ಸಿನಲ್ಲೇ ಮಾತು ಕಟ್ಟುವಾಗಲೂ ಗಂಟಲಿನ ಸ್ನಾಯುಗಳು ಒಂದಿಷ್ಟು ಮಿಡಿಯುತ್ತವೆ. ಕೊರಳಿಗೆ ಅಂಟಿಸಿದ ಬಿಲ್ಲೆ ಆ ಮಿಡಿತವನ್ನು ಓದಿ, ಯಾರದೆಂದು ಹೇಳದೆ ಗೋಡೆಗೆ ಕಳಿಸುತ್ತಿತ್ತು.

ಮೊದಮೊದಲು ತಪ್ಪುಗಳು ಬೇಗ ಸಿಕ್ಕವು, ಬೇಗ ಸರಿಯಾದವು. ಶಾಲ್ಮಲಾ ಹಿಗ್ಗಿದರು. ಆಮೇಲೊಂದು ದಿನ ಗೋಡೆಯ ಮೇಲೆ, ‘ನಿರಂಜನ ಸರ್ ಗಡುವಿಗೆ ಹೆದರಿ ಎಲ್ಲಾದಕ್ಕೂ ಹೂಂ ಅಂತಾರ’ ಎಂದು ಬಂತು. ನಿರಂಜನ ಕೊಪ್ಪದ ತಂಡದ ಮುಖ್ಯಸ್ಥ. ತಂಡದಲ್ಲಿ ಅವನನ್ನು ‘ಸರ್’ ಎನ್ನುತ್ತಿದ್ದವಳು ಫರ್ಹಾನಾ ಮುಲ್ಲಾ ಒಬ್ಬಳೇ. ಅವನು ಬೈಯಲಿಲ್ಲ, ಕೆಣಕಲಿಲ್ಲ. ಚಹಾಕ್ಕೆ ಅವಳನ್ನು ಕರೆಯುವುದನ್ನು ಬಿಟ್ಟ, ಅಷ್ಟೆ. ಉಳಿದವರು ಅದನ್ನು ಗಮನಿಸಿದರು.

ಆ ಮಳೆಗಾಲದಲ್ಲಿ ಬಸವಂತ ಎಂಬ ದರ್ಜಿಗೆ ಎದೆನೋವು ಬಂತು. ಹೊರಟ ಆಂಬುಲೆನ್ಸನ್ನು ಈ ತಂಡದ ತಂತ್ರಾಂಶವು, ಸಂಚಾರಕ್ಕೆ ಮುಚ್ಚಿದ್ದ ಸೇತುವೆಯ ಕಡೆಗೆ ಕಳಿಸಿತು. ಸುತ್ತಿ ಬಳಸಿ ಮನೆ ಮುಟ್ಟುವ ಹೊತ್ತಿಗೆ ಅವನ ಉಸಿರು ನಿಂತಿತ್ತು.

ಮುಂದಿನ ಹಿನ್ನೋಟಕ್ಕೆ ಶಾಲ್ಮಲಾ ತಾವೇ ಬಂದರು. ಗೋಡೆಯ ಮೇಲೆ ಅಕ್ಷರಗಳು ಹರಿದವು: ‘ಹದಿನೇಳೆರಡ್ಲೆ ಮೂವತ್ನಾಲ್ಕು. ಹದಿನೇಳ್ಮೂರ್ಲೆ ಐವತ್ತೊಂದು.’ ಅದರ ಕೆಳಗೆ ಇನ್ನೊಬ್ಬರ ಹತ್ತೊಂಬತ್ತರ ಮಗ್ಗಿ.

ಶಾಲ್ಮಲಾ ಯಂತ್ರ ನಿಲ್ಲಿಸಿದರು. “ಏನಿದು?”

ಫರ್ಹಾನಾ ಬಾಯಿಬಿಟ್ಟಳು. “ರಸ್ತೆ ಬಂದ್ ಆದ ಸುದ್ದಿ ನಕ್ಷೆಗೆ ತಡಾ ಮುಟ್ಟತೈತಿ ಅಂತ ನನಗ ಗೊತ್ತಿತ್ರಿ ಮೇಡಂ. ಅದು ಮನಸಿನಾಗ ಬಂದ ಕೂಡಲೇ ಅದನ್ನ ಮುಚ್ಚಾಕ ಒಳಗೊಳಗ ಮಗ್ಗಿ ಹೇಳಾಕ ಶುರು ಮಾಡತಿದ್ದೆ. ಗೋಡಿ ಮ್ಯಾಲೆ ಬಂದ್ರ ಯಾರ ಮಾತು ಅಂತ ಎಲ್ಲಾರಿಗೂ ತಿಳೀತೈತಿ.”

“ಬಾಯಿಬಿಟ್ಟು ಹೇಳಬಹುದಿತ್ತಲ್ಲವಾ?”

“ಯಾರ್ ಕೇಳಿದ್ರಿ? ಗೋಡಿ ಬಂದ ಮ್ಯಾಲೆ ಯಾರೂ ಯಾರನ್ನೂ ಕೇಳೂದ ಬಿಟ್ರು.”

ನಿರಂಜನ ತಲೆ ಎತ್ತಲಿಲ್ಲ. “ನನಗೂ ಗೊತ್ತಿತ್ತು,” ಎಂದ. “ಹತ್ತೊಂಬತ್ತರದು ನಂದು.”

ಮಗ್ಗಿಯನ್ನು ಸೋಸಿ ತೆಗೆದು ಅದರಡಿಯ ಮಾತನ್ನು ತೋರಿಸುವ ಹಾಗೆ ಯಂತ್ರವನ್ನು ತಿದ್ದಿಕೊಡಿ ಎಂದು ಆ ತಂಡದ ಕಂಪನಿ ಕೇಳಿತು. ಶಾಲ್ಮಲಾ ಒಪ್ಪಲಿಲ್ಲ. ವರ್ಷ ತುಂಬುವುದರೊಳಗೆ ಬೇರೆ ಯಾರೋ ತಿದ್ದಿದರು. ಬಿಲ್ಲೆ ಊರೂರಿನ ಕಚೇರಿಯವರ ಕೊರಳಿಗೇರಿತು. ತಾವು ಕಟ್ಟಿದ್ದನ್ನು ಬಿಚ್ಚುವ ದಾರಿ ಅವರಿಗೆ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಅವರು ಬಸವಂತನ ಮನೆಗೆ ಹೋದರು. ಅವನ ಹೆಂಡತಿ ಸುಗಲಾ, ಗಂಡ ಅರ್ಧಕ್ಕೆ ಬಿಟ್ಟಿದ್ದ ಬಟ್ಟೆಗಳಲ್ಲಿ ಕೊನೆಯದನ್ನು ಹೊಲಿದು ಮುಗಿಸುತ್ತಿದ್ದಳು. ಶಾಲ್ಮಲಾ ಏನನ್ನೂ ಮುಚ್ಚಿಡದೆ ಹೇಳಿದರು: ಬಿಲ್ಲೆ, ಗೋಡೆ, ಮಗ್ಗಿ.

ಸುಗಲಾ ಹೊಲಿಗೆ ನಿಲ್ಲಿಸಿದಳು. “ಯಂತ್ರದ ಮಾತು ನನಗ ತಿಳಿಯಂಗಿಲ್ರಿ. ಇಬ್ಬರಿಗೂ ಗೊತ್ತಿತ್ತು ಅಂತೀರಿ. ಒಂದ ಕೋಣ್ಯಾಗ ಕೂತಿದ್ರು ಅಂತೀರಿ. ಮಾರಿ ನೋಡಿ ಒಂದ್ ಮಾತು ಹೇಳಾಕ ಏನಾಗಿತ್ರಿ ಅವರಿಗೆ?”

ಶಾಲ್ಮಲಾ ಏನೋ ಹೇಳಲು ಹೊರಟರು. ಸುಗಲಾ ಅವರನ್ನೇ ನೋಡುತ್ತ ಕಾದಳು.