ಸಹಿ ಬಾರದವನ ಹೆಬ್ಬೆಟ್ಟು

೧೯೭೯ರಲ್ಲಿ ನಾನು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಖಾನಾಪುರದ ಸತ್ಯಪ್ಪ ಆರು ದಿನದಿಂದ ಎಚ್ಚರವಿಲ್ಲದೆ ಮಲಗಿದ್ದ. ಆಕ್ಸಿಜನ್ ತೆಗೆಸಿ ಮನೆಗೆ ಒಯ್ಯಲು ಮೂವರು ಮಕ್ಕಳೂ ತಯಾರು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲು ಮಾತ್ರ ಓದು ಕಲಿತ ಆ ಮೂವರಲ್ಲಿ ಒಬ್ಬನ ಕೈಯೂ ಏಳಲಿಲ್ಲ. ಅಪ್ಪ ಸಾಯಬೇಕು, ಕೊಂದವರು ತಾವಾಗಬಾರದು.

“ಅಪ್ಪಂದ ಹೆಬ್ಬಟ್ಟ ಒತ್ತಿಸ್ಕೋರಿ. ಹೆಂಗೂ ಅಂವಗ ಸಹಿ ಬರೂದಿಲ್ಲ,” ಎಂದ ಹಿರಿಯ ಮಗ, ಸಾಲಿ ಮಾಸ್ತರ. ತಾನೇ ಆ ತಣ್ಣನೆಯ ಬೆರಳನ್ನು ಮಸಿಗದ್ದಿ ಒತ್ತಿಸಿದ. ನಾನು ಕಾಗದ ಕೈಗೆ ತೆಗೆದುಕೊಂಡಾಗ ಗುರುತು ಮೂಡಿದ ಜಾಗ ಮಾತ್ರ ಬೆಚ್ಚಗಿತ್ತು.

ಊರಿನ ದಾರಿಯಲ್ಲಿ, ದೇಸೂರ ದಾಟುವುದರೊಳಗೆ ಸತ್ಯಪ್ಪ ಸತ್ತನಂತೆ.

ವಾರದ ಮೇಲೆ ಆಸ್ಪತ್ರೆಯ ಕಾಗದ ಒಯ್ಯಲು ಮಾಸ್ತರ ಬಂದ. ನನ್ನೆದುರೇ ರಿಜಿಸ್ಟರಿನಲ್ಲಿ ಪೆನ್ನಿನಿಂದ ದೊಡ್ಡದಾಗಿ ಸಹಿ ಹಾಕಿ ಹೋದ. ಆಮೇಲೆ ನೋಡಿದರೆ ಅಲ್ಲಿ ಸಹಿ ಇರಲಿಲ್ಲ, ಹೆಬ್ಬೆಟ್ಟಿತ್ತು. ಮುಟ್ಟಿದೆ. ಬೆಚ್ಚಗಿತ್ತು.